ಸೇರಲು ಒಂದೇ ಒಟಿಪಿ, ಬಿಡಲು ಮೂರು ಕಚೇರಿ

(ಆನ್‌ಲೈನ್ ಶಿಕ್ಷಣದ ಶುಲ್ಕ ವಾಪಸಾತಿಯ ತಕರಾರುಗಳನ್ನು ಕುರಿತ ದತ್ತಿ ಉಪನ್ಯಾಸದ ಲಿಖಿತ ರೂಪ)

ದೊಡ್ಡನೆಕ್ಕುಂದಿಯಲ್ಲಿ ಓದು ಮುಗಿಸಿದವರು ಕಡಿಮೆ. ಪದವಿ ಮುಗಿಸಿ ಕೆಲಸ ಹಿಡಿದವರೇ ಇಲ್ಲಿನ ಪಿಜಿಗಳಲ್ಲಿ ಹೆಚ್ಚು. ಆದರೂ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಮತ್ತೊಂದು ಪಾಠಕ್ಕೆ ಕೂರುತ್ತಾರೆ. ಊರಿನ ಕೆರೆ ದಾಟಿ ಹೊರವರ್ತುಲ ರಸ್ತೆಗೆ ಬಂದರೆ ಮೆಟ್ರೊ ಕಂಬಗಳ ಸಾಲು, ಅದರಾಚೆ ಕಂಪನಿಗಳು. ಮಾರತಹಳ್ಳಿ ಕಡೆಗೆ ತಿರುಗಿದರೆ ಜಾವಾ, ಪೈಥಾನ್, ಡೇಟಾ ಸೈನ್ಸ್ ಕಲಿಸುವ ಸಂಸ್ಥೆಗಳ ಬೋರ್ಡುಗಳು ಒಂದರ ಮೇಲೊಂದು. ಬೋರ್ಡು ಹಾಕದ ಸಂಸ್ಥೆಗಳು ಮೊಬೈಲಿನಲ್ಲಿವೆ: ಆನ್‌ಲೈನ್ ಎಂಬಿಎ, ಆನ್‌ಲೈನ್ ಎಂಸಿಎ, ಆರು ತಿಂಗಳ ಸರ್ಟಿಫಿಕೇಟ್, 'ಕೆಲಸ ಸಿಕ್ಕ ಮೇಲೆ ಫೀಸು ಕಟ್ಟಿ' ಎನ್ನುವ ಬೂಟ್‌ಕ್ಯಾಂಪ್.

ಇಲ್ಲಿಂದ ತುಸುವೇ ದೂರ, ಬ್ರೂಕ್‌ಫೀಲ್ಡಿನ ಕಲ್ಯಾಣಿ ಟೆಕ್ ಪಾರ್ಕಿನಲ್ಲಿ ಆನ್‌ಲೈನ್ ಪಾಠ ಮಾರುವ ಬೈಜೂಸ್ ಕಂಪನಿಯ ಅತಿ ದೊಡ್ಡ ಕಚೇರಿಗಳಲ್ಲೊಂದು ಇತ್ತು. 2023ರಲ್ಲಿ ಅದು ಖಾಲಿಯಾಯಿತು. ಮರುವರ್ಷ, 2024ರ ಜುಲೈ 16ರಂದು, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಒಪ್ಪಿಸಿತು. ಅರ್ಜಿ ಹಾಕಿದ್ದು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ. ಬಾಕಿ ಸುಮಾರು 158 ಕೋಟಿ 90 ಲಕ್ಷ ರೂಪಾಯಿ. ಪತ್ರಿಕೆಗಳು ಕ್ರಿಕೆಟ್ ಮಂಡಳಿಯ ಬಾಕಿಯನ್ನೂ ಸಾಲ ಕೊಟ್ಟ ವಿದೇಶಿಯರ ಜಗಳವನ್ನೂ ಪುಟಗಟ್ಟಲೆ ಬರೆದವು. ಫೀಸು ವಾಪಸ್ ಕೇಳುತ್ತಿದ್ದ ತಂದೆತಾಯಂದಿರಿಗೆ ಆ ಆದೇಶದಿಂದ ಏನಾಯಿತು ಎಂಬುದು ಒಳಪುಟಕ್ಕೆ ಸರಿಯಿತು. ಆದದ್ದು ಇಷ್ಟು: ದಿವಾಳಿ ಸಂಹಿತೆಯ 14ನೇ ಸೆಕ್ಷನ್ ಪ್ರಕಾರ ಕಂಪನಿಯ ಮೇಲಿನ ದಾವೆಗಳಿಗೂ ವಸೂಲಿಗೂ ತಡೆ ಬೀಳುತ್ತದೆ. ಗ್ರಾಹಕ ಆಯೋಗದಲ್ಲಿ ಗೆದ್ದು ಆದೇಶ ಕೈಯಲ್ಲಿ ಹಿಡಿದಿದ್ದವರೂ ದಿವಾಳಿ ಅಧಿಕಾರಿಯ ಮುಂದೆ ಬೇಡಿಕೆ ಪತ್ರ ಸಲ್ಲಿಸಿ, ಬಾಕಿ ಬರಬೇಕಾದವರ ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿನಲ್ಲಿ ಬ್ಯಾಂಕುಗಳು ಮುಂದಿರುತ್ತವೆ.

ಕಂಪನಿ ಬಿದ್ದದ್ದರಿಂದ ಹಣ ಹೋಯಿತು ಎಂದು ಸುಮ್ಮನಾಗುವಂತಿಲ್ಲ. ಗಟ್ಟಿಯಾಗಿ ನಡೆಯುತ್ತಿರುವ ಸಂಸ್ಥೆಗಳಲ್ಲೂ ಇದೇ ತಕರಾರು ದಿನವೂ ಹುಟ್ಟುತ್ತಿದೆ. ಹುಟ್ಟುವುದು ವಿದ್ಯಾರ್ಥಿ ಕೋರ್ಸು ಬಿಟ್ಟ ದಿನವಲ್ಲ, ಸೇರಿದ ದಿನ.

ಸೇರುವ ದಿನ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಫೋನು ಬರುತ್ತದೆ. ಆ ಕಡೆ ಇರುವವರು ತಮ್ಮನ್ನು ಕೌನ್ಸೆಲರ್ ಎಂದು ಕರೆದುಕೊಳ್ಳುತ್ತಾರೆ. ಅವರ ಸಂಬಳ ನಿಂತಿರುವುದು ತಿಂಗಳಿಗೆ ಎಷ್ಟು ಅಡ್ಮಿಷನ್ ಮಾಡಿಸಿದರು ಎಂಬುದರ ಮೇಲೆ. 'ಸ್ಕಾಲರ್‌ಶಿಪ್ ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ ಸರ್, ಸೀಟು ಬ್ಲಾಕ್ ಮಾಡಿಬಿಡಿ, ಇಷ್ಟವಾಗದಿದ್ದರೆ ಕ್ಯಾನ್ಸಲ್ ಮಾಡೋಣ.' ಲಿಂಕ್ ಬರುತ್ತದೆ. ಆಧಾರ್, ಪ್ಯಾನ್, ಒಂದು ಸೆಲ್ಫಿ, ಸಂಬಳದ ಸ್ಲಿಪ್ಪು. ಒಟಿಪಿ ಬರುತ್ತದೆ, ಹೇಳಿದ್ದಾಯಿತು. ಹತ್ತು ನಿಮಿಷದ ಈ ಕೆಲಸದಲ್ಲಿ ಮೂರು ಕರಾರುಗಳು ಆಗಿಹೋಗಿರುತ್ತವೆ. ಒಂದು, ಪಾಠ ಹೇಳುವ ವಿಶ್ವವಿದ್ಯಾಲಯದ ಜೊತೆ. ಇನ್ನೊಂದು, ಅಡ್ಮಿಷನ್ ಮಾಡಿಸಿ ಆ್ಯಪ್ ನಡೆಸುವ ಕಂಪನಿಯ ಜೊತೆ. ಮೂರನೆಯದು, ಹೆಸರನ್ನೇ ಕೇಳಿರದ ಒಂದು ಹಣಕಾಸು ಸಂಸ್ಥೆಯ ಜೊತೆ. ತಾನು ಸಾಲ ಮಾಡಿದ್ದೇನೆ ಎಂಬುದು ಮೊದಲ ಇಎಂಐ ಕಡಿತವಾದ ದಿನವೇ ಗೊತ್ತಾದವರು ಬಹಳ ಮಂದಿ.

ಲೆಕ್ಕಕ್ಕೆ ಒಂದು ಕೋರ್ಸು ತೆಗೆದುಕೊಳ್ಳೋಣ. ಶುಲ್ಕ 1,80,000 ರೂಪಾಯಿ, 'ನೋ ಕಾಸ್ಟ್ ಇಎಂಐ', ಹದಿನೆಂಟು ಕಂತು, ತಿಂಗಳಿಗೆ 10,000. ಶೂನ್ಯ ಬಡ್ಡಿ ಎಂಬ ಪದಾರ್ಥವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಹೇಳಿತ್ತು. ಇಲ್ಲಿ ಬಡ್ಡಿಯನ್ನು ಹಣಕಾಸು ಸಂಸ್ಥೆ ಮೊದಲೇ ಮುರಿದುಕೊಂಡು ಉಳಿದದ್ದನ್ನು ಇಡುಗಂಟಾಗಿ ಕಂಪನಿಗೆ ಕೊಡುತ್ತದೆ. ಅಂದರೆ ಮೊದಲ ಪಾಠ ಕೇಳುವ ಮುಂಚೆಯೇ ಹದಿನೆಂಟು ತಿಂಗಳ ಶುಲ್ಕ ಕಂಪನಿಯ ಖಾತೆ ಸೇರಿರುತ್ತದೆ. ಮೂರು ಕಂತು ಕಟ್ಟಿ ವಿದ್ಯಾರ್ಥಿ ಬಿಟ್ಟರೆ ಉಳಿದ ಹದಿನೈದು ಕಂತು ಯಾರದ್ದು? ಕಂಪನಿ 'ಏಳು ದಿನದ ಗಡುವು ಮುಗಿದಿದೆ' ಎನ್ನುತ್ತದೆ. ವಿಶ್ವವಿದ್ಯಾಲಯ 'ನಮಗೆ ಬಂದದ್ದು ಒಂದು ಸೆಮಿಸ್ಟರಿನ ಫೀಸು ಮಾತ್ರ' ಎನ್ನುತ್ತದೆ. ಹಣಕಾಸು ಸಂಸ್ಥೆ ಏನೂ ಹೇಳುವುದಿಲ್ಲ. ಐದನೇ ತಾರೀಖು ಕಂತು ಎಳೆಯುತ್ತದೆ, ಖಾತೆಯಲ್ಲಿ ಹಣವಿಲ್ಲದಿದ್ದರೆ ಬೌನ್ಸ್ ಚಾರ್ಜ್ ಹಾಕುತ್ತದೆ, ಸಿಬಿಲ್ ಸ್ಕೋರ್ ಇಳಿಯುತ್ತದೆ. ಮುಂದೊಂದು ದಿನ ಮನೆ ಸಾಲಕ್ಕೆ ಹೋದಾಗ ಓದದೆ ಬಿಟ್ಟ ಕೋರ್ಸು ಎದುರು ಬಂದು ನಿಲ್ಲುತ್ತದೆ.

ತೆರಿಗೆಯದ್ದು ಬೇರೆ ಕಥೆ. ಮಾನ್ಯತೆ ಪಡೆದ ಪದವಿಗೆ ಜಿಎಸ್‌ಟಿ ಇಲ್ಲ. ಖಾಸಗಿ ಸರ್ಟಿಫಿಕೇಟ್ ಕೋರ್ಸಿಗೆ ಶೇ 18 ಇದೆ. ಮೇಲಿನ 1,80,000 ಅಂಥ ಕೋರ್ಸಿನದಾದರೆ ಅದರಲ್ಲಿ 27,458 ರೂಪಾಯಿ ತೆರಿಗೆ. 'ಜಿಎಸ್‌ಟಿ ಸರ್ಕಾರಕ್ಕೆ ಹೋಯಿತು, ಅದು ವಾಪಸ್ ಬರಲ್ಲ' ಎಂಬ ಉತ್ತರ ಕೌನ್ಸೆಲರುಗಳ ಬಾಯಲ್ಲಿ ಸಿದ್ಧವಾಗಿರುತ್ತದೆ. ಇದು ಅರ್ಧ ಸತ್ಯವೂ ಅಲ್ಲ. ಸೇವೆ ರದ್ದಾದರೆ ಕಂಪನಿ ಕ್ರೆಡಿಟ್ ನೋಟ್ ಹೊರಡಿಸಿ ತನ್ನ ತೆರಿಗೆ ಬಾಧ್ಯತೆಯನ್ನು ಇಳಿಸಿಕೊಳ್ಳಬಹುದು. ಅದರ ಕಾಲಾವಧಿ ಮುಗಿದಿದ್ದರೆ, ಜಿಎಸ್‌ಟಿ ನೋಂದಣಿಯೇ ಇಲ್ಲದ ಸಾಮಾನ್ಯ ಗ್ರಾಹಕನೂ ತೆರಿಗೆ ಮರುಪಾವತಿಗೆ ನೇರವಾಗಿ ಅರ್ಜಿ ಹಾಕುವ ದಾರಿಯನ್ನು 2022ರ ಡಿಸೆಂಬರ್ ಸುತ್ತೋಲೆ ತೆರೆದಿದೆ. ಅಡ್ಮಿಷನ್ನಿನ ಹೊತ್ತಿಗೆ ಇದನ್ನು ಯಾರೂ ಹೇಳುವುದಿಲ್ಲ.

ಇಂಥ ಜಗಳಕ್ಕೆ ಕರ್ನಾಟಕ ಹೊಸದಲ್ಲ. ಮುಂಗಡ ಶುಲ್ಕದ ಬಗ್ಗೆ ದೇಶದ ಕಾನೂನು ರೂಪುಗೊಂಡದ್ದೇ ಬಹುಪಾಲು ಇಲ್ಲಿನ ಕಾಲೇಜುಗಳ ವ್ಯಾಜ್ಯಗಳಿಂದ. ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಬಂದದ್ದು 1984ರಲ್ಲಿ. 1992ರ ಮೋಹಿನಿ ಜೈನ್ ಪ್ರಕರಣ ತುಮಕೂರಿನ ವೈದ್ಯಕೀಯ ಕಾಲೇಜೊಂದರ ವಾರ್ಷಿಕ 60,000 ರೂಪಾಯಿ ಶುಲ್ಕದಿಂದ ಹುಟ್ಟಿದ್ದು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪಿನ ಬೇರು ಮಣಿಪಾಲದಲ್ಲಿದೆ. ಇವೆರಡೂ ಚರ್ಚೆಯಾದಷ್ಟು ಇವುಗಳ ಬೆನ್ನಿಗೆ ಬಂದ ಮೂರನೆಯ ತೀರ್ಪು ಆಗಲಿಲ್ಲ. ಇವತ್ತಿನ ವಿಷಯಕ್ಕೆ ಬೇಕಾದದ್ದು ಅದೇ.

ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಷನ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 2003ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಒಂದು ಸಣ್ಣ ವಿಷಯವನ್ನು ಇತ್ಯರ್ಥ ಮಾಡಿತು. ಕಾಲೇಜು ಒಂದು ಸಲಕ್ಕೆ ಒಂದು ಸೆಮಿಸ್ಟರಿನ ಅಥವಾ ಒಂದು ವರ್ಷದ ಶುಲ್ಕವನ್ನಷ್ಟೇ ಪಡೆಯಬೇಕು. ವಿದ್ಯಾರ್ಥಿ ನಡುವೆ ಬಿಟ್ಟುಹೋಗುತ್ತಾನೆಂಬ ಅಂಜಿಕೆ ಇದ್ದರೆ ಬಾಂಡೋ ಬ್ಯಾಂಕ್ ಗ್ಯಾರಂಟಿಯೋ ಬರೆಸಿಕೊಳ್ಳಲಿ. ಹೆಚ್ಚು ವರ್ಷದ ಹಣವನ್ನು ಈಗಾಗಲೇ ತೆಗೆದುಕೊಂಡಿದ್ದರೆ ಆಯಾ ವರ್ಷದ ಪಾಲನ್ನು ಮಾತ್ರ ಬಳಸಬೇಕು. ಉಳಿದದ್ದನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು, ಬಡ್ಡಿ ವಿದ್ಯಾರ್ಥಿಗೆ ಸೇರಬೇಕು. ಆ ತೀರ್ಪಿನ ಬೇರೆ ಭಾಗಗಳನ್ನು 2005ರಲ್ಲಿ ಇನಾಮ್ದಾರ್ ಪ್ರಕರಣದ ದೊಡ್ಡ ಪೀಠ ಮರುಪರಿಶೀಲಿಸಿತು. ಮುಂಗಡ ಶುಲ್ಕದ ಈ ಮಾತು ಮಾತ್ರ ಆಮೇಲೂ ಕೋಚಿಂಗ್ ಸಂಸ್ಥೆಗಳ ವಿರುದ್ಧದ ಗ್ರಾಹಕ ವ್ಯಾಜ್ಯಗಳಲ್ಲಿ ಕೇಳಿಬರುತ್ತಿದೆ.

ಮುಂಗಡವಾಗಿ ಕೊಟ್ಟ ಹಣಕ್ಕೆ ವಿದ್ಯಾರ್ಥಿಗೆ ಬಡ್ಡಿ ಸಿಗಬೇಕು ಎಂದು ಕೋರ್ಟು ಹೇಳಿದ ಇಪ್ಪತ್ತು ವರ್ಷದೊಳಗೆ, ಮುಂಗಡ ಕೊಡುವುದಕ್ಕಾಗಿ ವಿದ್ಯಾರ್ಥಿಯೇ ಬಡ್ಡಿ ಕಟ್ಟುವ ವ್ಯವಸ್ಥೆ ಬಂದು ಕೂತಿತು. ಇದಕ್ಕೆ ಯಾವ ಹೊಸ ಕಾಯ್ದೆಯೂ ಬೇಕಾಗಲಿಲ್ಲ. ಶುಲ್ಕದ ಹೆಸರು ಸಾಲ ಎಂದಾಯಿತು, ಅಷ್ಟೆ.

ಈ ಏರ್ಪಾಟು ಪೂರ್ತಿ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ 2023ರಲ್ಲಿ ಬೆಂಗಳೂರಿನ ಪೊಲೀಸರ ಮುಂದೆ ಬಂದ ಗೀಕ್‌ಲರ್ನ್ ಪ್ರಕರಣವಿದೆ. ಡೇಟಾ ಸೈನ್ಸ್ ಕೋರ್ಸಿಗೆ ಸೇರಿದ ಅನೇಕ ವಿದ್ಯಾರ್ಥಿಗಳ ಹೆಸರಿನಲ್ಲಿ ಹಣಕಾಸು ಸಂಸ್ಥೆಗಳಿಂದ ಸಾಲ ಎತ್ತಲಾಗಿತ್ತು, ಕಂತನ್ನು ತಾನೇ ಕಟ್ಟುವುದಾಗಿ ಕಂಪನಿ ನಂಬಿಸಿತ್ತು, ಆಮೇಲೆ ಬಾಗಿಲು ಮುಚ್ಚಿತು ಎಂಬುದು ದೂರು. ಪಾಠ ನಿಂತಿತು, ಕಂತಿನ ಕರೆಗಳು ನಿಲ್ಲಲಿಲ್ಲ.

ಸಾಲ ಕೊಡುವವರು ಇಷ್ಟು ಧಾರಾಳವಾಗಿ ಯಾಕೆ ಕೊಟ್ಟರು? ಸಾಲ ಮುಳುಗಿದರೆ ಮೊದಲ ನಷ್ಟ ನಮ್ಮದು ಎಂದು ಸಾಲಗಾರರನ್ನು ಹುಡುಕಿಕೊಡುವ ಕಂಪನಿಗಳೇ ಭರವಸೆ ಕೊಡುತ್ತಿದ್ದವು. 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಆ ಭರವಸೆಗೆ ಸಾಲದ ಮೊತ್ತದ ಶೇ 5ರ ಮಿತಿ ಹಾಕಿತು. ಅದಕ್ಕೂ ಮೊದಲು, 2022ರ ಸೆಪ್ಟೆಂಬರ್‌ನ ಡಿಜಿಟಲ್ ಸಾಲ ಮಾರ್ಗಸೂಚಿ, ಮನಸ್ಸು ಬದಲಾದರೆ ದಂಡವಿಲ್ಲದೆ ಸಾಲದಿಂದ ಹೊರಬರುವ ಅವಧಿ ಇರಲೇಬೇಕು ಎಂದಿತ್ತು: ಏಳು ದಿನ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಸಾಲಕ್ಕೆ ಕನಿಷ್ಠ ಮೂರು ದಿನ. 2025ರ ಮೇ ತಿಂಗಳ ಹೊಸ ನಿರ್ದೇಶನದಲ್ಲಿ ಈ ಕನಿಷ್ಠ ಅವಧಿ ಒಂದು ದಿನಕ್ಕೆ ಇಳಿಯಿತು. ಮೂರರಿಂದ ಒಂದಕ್ಕೆ ಇಳಿಸಿದ್ದು ಯಾರ ಅನುಕೂಲಕ್ಕೆ ಎಂದು ಯಾರಾದರೂ ಕೇಳಬೇಕಿತ್ತು. ಅದಿರಲಿ, ಈ ಅವಕಾಶ ಸಾಲಕ್ಕೆ ಮಾತ್ರ, ಕೋರ್ಸಿಗಲ್ಲ. ಬ್ರಿಟನ್ನಿನಲ್ಲಿ 2013ರ ನಿಯಮದಂತೆ ಆನ್‌ಲೈನಿನಲ್ಲಿ ಮಾಡಿಕೊಂಡ ಬಹುಪಾಲು ಕರಾರುಗಳನ್ನು ಹದಿನಾಲ್ಕು ದಿನದೊಳಗೆ ಕಾರಣ ಹೇಳದೆ ಬಿಡಬಹುದು. ಮನಸ್ಸು ಬದಲಾಯಿತು ಎಂಬುದಷ್ಟೇ ಕಾರಣವಾದಾಗ ಭಾರತದಲ್ಲಿ ಅಂಥ ಸಾಮಾನ್ಯ ಹಕ್ಕು ಇಲ್ಲ. ಹಾಗಾಗಿ ಕಂಪನಿ ತಾನೇ ಬರೆದುಕೊಂಡ ಏಳು ದಿನವೋ ಎರಡು ದಿನವೋ ಅದೇ ಶಾಸನ. ಗಡುವು ಎಣಿಸುವುದು ಹಣ ಕಟ್ಟಿದ ದಿನದಿಂದ, ಪಾಠ ಶುರುವಾದ ದಿನದಿಂದಲ್ಲ ಎಂಬ ಸಾಲನ್ನು ಎಷ್ಟು ಜನ ಓದಿರುತ್ತಾರೆ?

ವಿಶ್ವವಿದ್ಯಾಲಯದ ಕಡೆ ಬಂದರೆ ಚಿತ್ರ ಬೇರೆ. ಇಲ್ಲಿ ನಿಯಮವಿದೆ, ಅದು ಸ್ಪಷ್ಟವಾಗಿಯೂ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಕೋಷ್ಟಕವನ್ನು 60,000 ರೂಪಾಯಿ ಶುಲ್ಕಕ್ಕೆ ಹಚ್ಚಿ ನೋಡಬಹುದು. ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಇನ್ನೂ ಮೊದಲೇ ಬಿಟ್ಟರೆ ಪೂರ್ತಿ ವಾಪಸ್, ಅದರಲ್ಲಿ ಶೇ 5 ಮೀರದಂತೆ, ಹೆಚ್ಚೆಂದರೆ 5,000 ರೂಪಾಯಿ ಪ್ರೊಸೆಸಿಂಗ್ ಶುಲ್ಕ ಹಿಡಿಯಬಹುದು; ಕೈಗೆ 57,000 ಬರಬೇಕು. ಹದಿನೈದು ದಿನದೊಳಗೆ ಬಿಟ್ಟರೆ 54,000. ಕೊನೆಯ ದಿನ ದಾಟಿ ಹದಿನೈದು ದಿನದವರೆಗೆ 48,000, ಮೂವತ್ತು ದಿನದವರೆಗೆ 30,000, ಆಮೇಲೆ ಸೊನ್ನೆ. ಕಾಷನ್ ಡೆಪಾಸಿಟ್ ಈ ಲೆಕ್ಕಕ್ಕೆ ಸೇರದು. ಲಿಖಿತ ಅರ್ಜಿ ಕೊಟ್ಟ ಹದಿನೈದು ದಿನದಲ್ಲಿ ಹಣ ಬರಬೇಕು, ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುವಂತಿಲ್ಲ. ಕೊರೊನಾ ನಂತರ ಪ್ರತಿ ವರ್ಷ ಇನ್ನೂ ಉದಾರವಾದ ಗಡುವು ಬರತೊಡಗಿತು: 2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಪೂರ್ತಿ ವಾಪಸ್, ಅಕ್ಟೋಬರ್ 31ರವರೆಗೆ ಹೆಚ್ಚೆಂದರೆ 1,000 ರೂಪಾಯಿ ಕಡಿತ.

ಈ ಗಡುವುಗಳನ್ನು ಗೊತ್ತುಮಾಡಿದ್ದು ಒಂದು ಕಾಲೇಜಿನ ಸೀಟು ಬಿಟ್ಟು ಇನ್ನೊಂದಕ್ಕೆ ಹಾರುವ ಹುಡುಗರ ಲೆಕ್ಕದಲ್ಲಿ. ಆನ್‌ಲೈನ್ ಪದವಿಗೆ ಜುಲೈ ತಂಡವಿದೆ, ಜನವರಿ ತಂಡವೂ ಇದೆ. ಜನವರಿಯಲ್ಲಿ ಸೇರಿದವರಿಗೆ ಸೆಪ್ಟೆಂಬರ್ ಗಡುವಿನಿಂದ ಉಪಯೋಗವಿಲ್ಲ. ಅವರು 2018ರ ಕೋಷ್ಟಕವನ್ನೇ ಹಿಡಿಯಬೇಕು. ಇನ್ನೂ ಮುಖ್ಯವಾದದ್ದು, ಕೋಷ್ಟಕ ಮಾತನಾಡುವುದು ವಿಶ್ವವಿದ್ಯಾಲಯ ಪಡೆದ ಶುಲ್ಕದ ಬಗ್ಗೆ. ಅದೇ ಪ್ಯಾಕೇಜಿನಲ್ಲಿ ಕಂಪನಿ 'ಮೆಂಟರ್‌ಶಿಪ್', 'ಪ್ಲೇಸ್‌ಮೆಂಟ್ ಸಪೋರ್ಟ್' ಎಂದು ಬೇರೆ ರಸೀದಿ ಹಾಕಿದ್ದರೆ ಅದು ಕೋಷ್ಟಕದ ಹೊರಗೆ ಉಳಿಯುತ್ತದೆ. ಒಂದೇ ಸಲ ಕಟ್ಟಿದ ಹಣಕ್ಕೆ ಎರಡು ರಸೀದಿ ಯಾಕೆ ಬಂತು ಎಂದು ಕೇಳಬೇಕಾದದ್ದು ಅಲ್ಲೇ, ಅವತ್ತೇ.

ಮಧ್ಯವರ್ತಿಗಳಿಂದ ಆಗುವ ಫಜೀತಿಯನ್ನು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಅನುಭವಿಸಿ ನೋಡಿದೆ. 1996ರಲ್ಲಿ ಹುಟ್ಟಿದ ಅದು ರಾಜ್ಯದ ಆಚೆಗೂ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ಕೋರ್ಸು ನಡೆಸಿತು. ಹಣ ಕಟ್ಟಿಸಿಕೊಂಡದ್ದು ಎಲ್ಲೋ ದೂರದ ಕೇಂದ್ರ, ಅಂಕಪಟ್ಟಿಯ ಮೇಲಿನ ಹೆಸರು ಮೈಸೂರಿನದು. 2012-13ರ ನಂತರ ಮಾನ್ಯತೆ ಇಲ್ಲವೆಂದು 2015ರ ಜೂನ್‌ನಲ್ಲಿ ಯುಜಿಸಿ ಸಾರ್ವಜನಿಕ ಪ್ರಕಟಣೆ ಹೊರಡಿಸಿದಾಗ ವಿದ್ಯಾರ್ಥಿಗಳು ಯಾರ ಬಾಗಿಲಿಗೆ ಹೋಗಬೇಕೆಂದು ತಿಳಿಯದೆ ನಿಂತರು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ, ಮೊದಲಿಗೆ 17 ಕೋರ್ಸುಗಳಿಗೆ. 2020ರ ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣ ನಿಯಮಗಳು ಫ್ರಾಂಚೈಸಿಯನ್ನು ನಿಷೇಧಿಸಿವೆ. 2022ರ ಜನವರಿಯಲ್ಲಿ ಯುಜಿಸಿ ಎಡ್‌ಟೆಕ್ ಕಂಪನಿಗಳ ಹೆಸರೆತ್ತಿಯೇ ಎಚ್ಚರಿಸಿತು. ಅದರ ಕೆಲವೇ ವಾರ ಮುಂಚೆ, 2021ರ ಡಿಸೆಂಬರ್ 23ರಂದು, ಶಿಕ್ಷಣ ಸಚಿವಾಲಯ ಪೋಷಕರಿಗೆ ಸಲಹೆ ಕೊಟ್ಟಿತ್ತು: ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಆಯ್ಕೆ ಬೇಡ, ಗೊತ್ತಿಲ್ಲದ ಸಾಲಕ್ಕೆ ಸಹಿ ಬೇಡ. ಮುಂದಿನ ವರ್ಷ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಬೈಜೂಸ್ ಮುಖ್ಯಸ್ಥರಿಗೆ ಸಮನ್ಸ್ ಕಳಿಸಿತು. ತಿಂಗಳಿಗೆ 25,000ಕ್ಕಿಂತ ಕಡಿಮೆ ಆದಾಯದ ಮನೆಗಳಿಗೆ ಇನ್ನು ಕೋರ್ಸು ಮಾರುವುದಿಲ್ಲ ಎಂದು ಕಂಪನಿ ಹೇಳಿದ್ದು ಅದಾದ ಮೇಲೆ. ಅಲ್ಲಿಯವರೆಗೆ ಮಾರುತ್ತಿದ್ದರು ಎಂದಾಯಿತು.

ಅಮೆರಿಕದಲ್ಲೇ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಇದೇ ತಕರಾರು ಇನ್ನೊಂದು ರೂಪದಲ್ಲಿ ಕೇಳಿಸುತ್ತದೆ. ಅಲ್ಲಿ ಕೇಂದ್ರ ಸರ್ಕಾರದ ನೆರವು ಪಡೆದ ವಿದ್ಯಾರ್ಥಿ ಅವಧಿಯ ಶೇ 60 ಮುಗಿಯುವ ಮೊದಲು ಬಿಟ್ಟರೆ, ಬಳಕೆಯಾಗದ ನೆರವನ್ನು ಸರ್ಕಾರಕ್ಕೆ ಮರಳಿಸಬೇಕು. ವಿಶ್ವವಿದ್ಯಾಲಯ ಮರಳಿಸುತ್ತದೆ, ಆದರೆ ಎಷ್ಟೋ ಸಲ ತನ್ನ ಶುಲ್ಕ ಇಳಿಸುವುದಿಲ್ಲ. ಆ ಅಂತರದ ಬಿಲ್ಲು ವಿದ್ಯಾರ್ಥಿಯ ಮನೆಗೆ ಬರುತ್ತದೆ. ನೆರವು ಸಿಕ್ಕಿತ್ತಲ್ಲ, ಬಿಟ್ಟರೆ ಏನು ಮಹಾ ಎಂದುಕೊಂಡವರಿಗೆ ಅದು ಸಿಡಿಲು.

ಇನ್ನು ನ್ಯಾಯ ಎಲ್ಲಿ ಕೇಳಬೇಕು ಎಂಬ ಮಾತು. ಇಲ್ಲಿರುವುದು ವಿಚಿತ್ರ ಪರಿಸ್ಥಿತಿ. 2020ರ ಜನವರಿ 20ರಂದು ರಾಷ್ಟ್ರೀಯ ಗ್ರಾಹಕ ಆಯೋಗ ಮನು ಸೋಲಂಕಿ ಪ್ರಕರಣದಲ್ಲಿ ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆಗೆ ಬರುವುದಿಲ್ಲ, ಕೋಚಿಂಗ್ ಸಂಸ್ಥೆಗಳು ಬರುತ್ತವೆ ಎಂದಿತು. ಅದರ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು ವಿಚಾರಣೆಗೆ ಅಂಗೀಕರಿಸಿದೆ. ಈ ಗೆರೆಯ ಪ್ರಕಾರ ಮಾನ್ಯತೆ ಇರುವ ಆನ್‌ಲೈನ್ ಎಂಬಿಎ ಬಿಟ್ಟವರು ಯುಜಿಸಿಗೆ ಹೋಗಬೇಕು: 2023ರ ನಿಯಮದಂತೆ ಪ್ರತಿ ವಿಶ್ವವಿದ್ಯಾಲಯದಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ, ಅದರ ಮೇಲೆ ಒಂಬುಡ್ಸ್‌ಪರ್ಸನ್ ಇರಬೇಕು, ಇ-ಸಮಾಧಾನ್ ಪೋರ್ಟಲ್ ಇದೆ. ಯಾವ ಮಾನ್ಯತೆಯೂ ಇಲ್ಲದ ಆರು ತಿಂಗಳ ಸರ್ಟಿಫಿಕೇಟ್ ಬಿಟ್ಟವರು ಮಾತ್ರ ಕೋಚಿಂಗ್ ವಿದ್ಯಾರ್ಥಿಯಂತೆ ಗ್ರಾಹಕರಾಗುತ್ತಾರೆ. ಒಳ್ಳೆಯ ಪದವಿಗೆ ಸೇರಿದವರ ಕೈಗೆ ದುರ್ಬಲ ಆಯುಧ, ಕಳಪೆ ಕೋರ್ಸಿಗೆ ಸೇರಿದವರ ಕೈಗೆ ಹರಿತವಾದದ್ದು!

ಹರಿತ ಎಂದದ್ದು ಸುಮ್ಮನೆ ಅಲ್ಲ. ಗ್ರಾಹಕ ಸಹಾಯವಾಣಿ 1915ರ ಮೂಲಕ ನಾಗರಿಕ ಸೇವಾ ಪರೀಕ್ಷೆ, ಎಂಜಿನಿಯರಿಂಗ್ ಮೊದಲಾದ ಕೋಚಿಂಗಿನ ಆರುನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಒಟ್ಟು 1.56 ಕೋಟಿ ರೂಪಾಯಿ ವಾಪಸ್ ಕೊಡಿಸಿದ್ದಾಗಿ 2025ರ ಆರಂಭದಲ್ಲಿ ಕೇಂದ್ರ ಸರ್ಕಾರ ತಿಳಿಸಿತು. ಕೋರ್ಟು ಕಟ್ಟೆ ಹತ್ತದೆ, ಬರೀ ದೂರಿನ ಮೇಲೆ ಬಂದ ಹಣ ಇದು. 2024ರ ಜನವರಿಯ ಕೋಚಿಂಗ್ ಮಾರ್ಗಸೂಚಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನದಲ್ಲಿ ಮರಳಿಸಬೇಕೆನ್ನುತ್ತದೆ. 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯ ಹದಿಮೂರು ಬಗೆಯ ಕಳ್ಳಾಟಗಳಲ್ಲಿ 'ರಾತ್ರಿ ಹನ್ನೆರಡರವರೆಗೆ ಮಾತ್ರ' ಎಂಬ ಸುಳ್ಳು ಅವಸರವೂ ಸೇರಿದೆ, ಸೇರುವುದು ಸುಲಭ ಮಾಡಿ ಬಿಡುವುದನ್ನು ಕಷ್ಟ ಮಾಡುವುದೂ ಸೇರಿದೆ. 'ನಾನ್ ರಿಫಂಡಬಲ್' ಎಂದು ಬರೆದ ಮಾತ್ರಕ್ಕೆ ಮುಗಿಯುವುದೂ ಇಲ್ಲ: ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ.

ಒಂದು ತೊಡಕು ಗೊತ್ತಿರಬೇಕು. ಹಣ ವಾಪಸ್ ಬೇಕೆಂದು ಕೇಳುವುದು ಜಿಲ್ಲಾ ಆಯೋಗದಲ್ಲಿ. ಕರಾರೇ ಅನ್ಯಾಯದ್ದು, ಆ ಷರತ್ತನ್ನು ಅನೂರ್ಜಿತ ಮಾಡಿ ಎಂದು ಕೇಳಬೇಕಾದರೆ 2019ರ ಕಾಯ್ದೆ ನೇರ ರಾಜ್ಯ ಆಯೋಗಕ್ಕೆ ಕಳಿಸುತ್ತದೆ. ಆದ್ದರಿಂದ ಸಣ್ಣ ಮೊತ್ತದವರು ದೂರನ್ನು ಸೇವಾ ಲೋಪ, ಅನುಚಿತ ವ್ಯಾಪಾರ ಪದ್ಧತಿ ಎಂಬ ತಲೆಬರಹದಲ್ಲಿ ಬರೆಯುವುದೇ ಮೇಲು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಹಣಕಾಸು ಸಂಸ್ಥೆಯನ್ನೂ ಎದುರು ಪಕ್ಷವಾಗಿ ಸೇರಿಸಬೇಕು. ಬಿಟ್ಟರೆ ಕೋರ್ಸಿನ ಮೇಲೆ ಆದೇಶ ಬರುತ್ತದೆ, ಕಂತು ಓಡುತ್ತಲೇ ಇರುತ್ತದೆ. ಸಾಲದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೇಳಿದೆ. ಕನ್ನಡದಲ್ಲಿ ಕೊಟ್ಟಿರಲಿಲ್ಲ ಎಂಬ ಒಂದು ಸಾಲು ದೂರಿನಲ್ಲಿರಲಿ.

ಕಂಪನಿಯ ಕರಾರಿನ ಕೊನೆಯಲ್ಲಿ 'ವ್ಯಾಜ್ಯವೇನಿದ್ದರೂ ಮುಂಬೈ ನ್ಯಾಯಾಲಯದಲ್ಲಿ', 'ಗುರುಗ್ರಾಮದಲ್ಲಿ' ಎಂದು ಅಚ್ಚಾಗಿರುತ್ತದೆ. ಅದನ್ನು ನೋಡಿಯೇ ಕೈಚೆಲ್ಲುವವರಿದ್ದಾರೆ. 2019ರ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರುದಾರ ವಾಸವಿರುವ ಅಥವಾ ದುಡಿಯುವ ಜಾಗದಲ್ಲೇ ದೂರು ಕೊಡಬಹುದು. ದೊಡ್ಡನೆಕ್ಕುಂದಿಯ ಪಿಜಿಯಲ್ಲಿರುವವರಿಗೆ ಅದು ಬೆಂಗಳೂರು ನಗರ ಜಿಲ್ಲಾ ಆಯೋಗ, ಶಾಂತಿನಗರದ ಬಿಎಂಟಿಸಿ ಕಟ್ಟಡ. ಇ-ಜಾಗೃತಿ ಪೋರ್ಟಲಿನಲ್ಲಿ ಕೂತಲ್ಲಿಂದಲೇ ಸಲ್ಲಿಸಬಹುದು. ಜೊತೆಗೆ ಅಡ್ಮಿಷನ್ ದಿನದ ಮೆಸೇಜುಗಳು, ಎರಡೂ ರಸೀದಿ, ಕೋರ್ಸು ಬಿಡುತ್ತೇನೆಂದು ಬರೆದ ಇಮೇಲಿನ ತಾರೀಖು, ಕಂತು ಕಡಿತವಾದ ಬ್ಯಾಂಕ್ ಸ್ಟೇಟ್‌ಮೆಂಟ್. ಫೋನಿನಲ್ಲಿ ಕೌನ್ಸೆಲರ್ ಕೊಟ್ಟ ಮಾತನ್ನು ಅವತ್ತೇ ವಾಟ್ಸ್‌ಆ್ಯಪಿನಲ್ಲಿ 'ನೀವು ಹೇಳಿದ್ದು ಇಷ್ಟು ತಾನೇ?' ಎಂದು ಬರೆದು ಕಳಿಸಿದ್ದರೆ ಅದೂ ಇರಲಿ.